ಪದ್ಧತಿ ಎಂಬ ಕಾಲುದಾರಿ

ಉತ್ತರಪತ್ರಿಕೆಗಳನ್ನು ತಿದ್ದುವಾಗ ಕನ್ನಡ ಉಪಾಧ್ಯಾಯರ ಕೆಂಪು ಮಸಿ ಬಹಳವಾಗಿ ವ್ಯಯವಾಗುವುದು ‘ಪದ್ದತಿ’, ‘ಉದ್ದಾರ’ ಮೊದಲಾದ ರೂಪಗಳ ಮೇಲೆ. “ಒಂದು ಮಹಾಪ್ರಾಣ ಬಿಟ್ಟುಹೋದರೆ ನಷ್ಟವೇನು, ಗುರುಗಳೆ?” ಎಂದು ಹಿಂದೊಮ್ಮೆ ವಿದ್ಯಾರ್ಥಿಯೊಬ್ಬನು ಕೇಳಿದನು. ಅಂದು ಗದರಿಸಿ ಕೂರಿಸಿದೆನು. ಆ ಪ್ರಶ್ನೆಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಪದ್ಧತಿ’ಯ ಮೂಲಾರ್ಥ ಆಚಾರವಲ್ಲ, ಕಾಲುದಾರಿ. ‘ಹತಿ’ ಶಬ್ದವು ಪರವಾದಾಗ ‘ಪಾದ’ಕ್ಕೆ ‘ಪದ್’ ಎಂಬ ಆದೇಶವನ್ನು ಪಾಣಿನಿಯು ವಿಧಿಸಿದ್ದಾನೆ. ‘ಹನ್’ ಧಾತುವಿನಿಂದಾದ ‘ಹತಿ’ ಎಂದರೆ ಹೊಡೆತ. ದಕಾರದ ಮುಂದಿನ ಹಕಾರವು ಧಕಾರವಾಗಿ ಪದ್ + ಹತಿ ‘ಪದ್ಧತಿ’ಯಾಯಿತು. ಉದ್ + ಹಾರ ‘ಉದ್ಧಾರ’ವಾದುದೂ, ತದ್ + ಹಿತ ‘ತದ್ಧಿತ’ವಾದುದೂ ಹೀಗೆಯೇ. ಪಾದಗಳು ತುಳಿತುಳಿದು ಸವೆಸಿದುದೇ ಪದ್ಧತಿ. ಆ ಮಹಾಪ್ರಾಣದಲ್ಲಿ ಹೆಜ್ಜೆಯ ಪೆಟ್ಟು ಅಡಗಿದೆ. ಅದನ್ನು ಬಿಟ್ಟರೆ ದಾರಿಯಾದ ಬಗೆಯೇ ಮರೆಯಾಗುತ್ತದೆ.

1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ರೆವರೆಂಡ್ ಕಿಟ್ಟೆಲ್ ಅವರ ತಾಯ್ನುಡಿ ಜರ್ಮನ್. ಆ ಭಾಷೆಯಲ್ಲಿಯೂ ಇಂತಹುದೇ ಒಂದು ಸಮಾಸಪದವಿದೆ: ‘ಟ್ರಾಂಪೆಲ್‌ಪ್ಫಾಡ್’. ಪೂರ್ವಪದಕ್ಕೆ ತುಳಿದಾಡುವುದೆಂದೂ, ಉತ್ತರಪದಕ್ಕೆ ದಾರಿಯೆಂದೂ ಅರ್ಥ. ಯಾರೂ ಕಟ್ಟದೆ, ಜನ ನಡೆನಡೆದೇ ಉಂಟಾದ ಹಾದಿಯದು. ಆದರೆ ‘ಪ್ಫಾಡ್’ ಎಂಬುದನ್ನು ಕೇಳಿ ನಮ್ಮ ‘ಪಾದ’ವೇ ಅದೆಂದು ಭ್ರಮಿಸಬಾರದು. ಸಂಸ್ಕೃತದ ಪಕಾರಕ್ಕೆ ಸಮನಾಗಿ ಜರ್ಮಾನಿಕ್ ಭಾಷೆಗಳಲ್ಲಿ ಫಕಾರವಿರುವುದನ್ನು 1822ರಲ್ಲಿ ಯಾಕೋಬ್ ಗ್ರಿಮ್ ಎಂಬ ವಿದ್ವಾಂಸನು ನಿಯಮಬದ್ಧವಾಗಿ ವಿವರಿಸಿದನು. ಅದರಂತೆ ‘ಪಾದ’ಕ್ಕೆ ಜ್ಞಾತಿಯಾದುದು ಜರ್ಮನಿನ ‘ಫೂಸ್’, ಇಂಗ್ಲಿಷಿನ ‘ಫುಟ್’. ಧ್ವನಿಸಾಮ್ಯ ಮಾತ್ರವೇ ನಂಟಿಗೆ ಪ್ರಮಾಣವಲ್ಲ.

ನಮ್ಮ ನುಡಿಯನ್ನೇ ನೋಡೋಣ. ‘ಕಾಲುದಾರಿ’ ಕಾಲಿನ ದಾರಿ, ತತ್ಪುರುಷ. ‘ಹೆದ್ದಾರಿ’ ಪಿರಿದಾದ ದಾರಿ, ಕರ್ಮಧಾರಯ. ಹಳಗನ್ನಡದಲ್ಲಿ ದಾರಿಯೆಂಬರ್ಥದ ‘ಬಟ್ಟೆ’ಯು ಸಂಸ್ಕೃತದ ‘ವರ್ತ್ಮ’ದ ತದ್ಭವ. ಮೈಸೂರಿನವರಿಗೆ ಇನ್ನೂ ಹತ್ತಿರದ ನಿದರ್ಶನ ಚಾಮುಂಡಿಬೆಟ್ಟದಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ನಾವೆಲ್ಲ ಹತ್ತಿದ್ದೇವೆ. ಆ ‘ಮೆಟ್ಟಿಲು’ ಹುಟ್ಟಿದುದು ‘ಮೆಟ್ಟು’ ಧಾತುವಿನಿಂದ, ಮೆಟ್ಟುವುದೆಂದರೆ ತುಳಿಯುವುದು. ಸಂಸ್ಕೃತ, ಜರ್ಮನ್, ಕನ್ನಡ ಮೂರೂ ಹಾದಿಯನ್ನು ಹೆಜ್ಜೆಯಿಂದಲೇ ಗುರುತಿಸಿವೆ.

‘ಮಾರ್ಗ’ಕ್ಕೆ ಹುಡುಕುವುದೆಂಬರ್ಥದ ಧಾತುವನ್ನು ವೈಯಾಕರಣರು ಹೇಳುತ್ತಾರೆ. ಮಾರ್ಗವನ್ನು ಒಬ್ಬನು ಅರಸಿ ಕಂಡುಕೊಳ್ಳಬಹುದು. ಪದ್ಧತಿಯಾಗಲು ಅನೇಕರು ಅನೇಕ ದಿನ ನಡೆಯಬೇಕು. ತುಳಿಯುವವರಿಲ್ಲದ ಕಾಲುದಾರಿಯನ್ನು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಮುಚ್ಚುತ್ತದೆ. ಶಾಲೆಯ ಪದ್ಧತಿಗಳೂ ಹಾಗೆಯೇ: ಹಿರಿಯ ವಿದ್ಯಾರ್ಥಿಗಳು ತುಳಿದುದು, ದಾನಿಗಳು ಕಾಪಾಡಿದುದು, ಮಕ್ಕಳು ನಾಳೆ ನಡೆಯಬೇಕಾದುದು. ಪ್ರಶ್ನಿಸಿದ ಬಾಲಕನನ್ನು ಗದರಿಸುವುದು ಪದ್ಧತಿಯಲ್ಲ. ಅವನೊಡನೆ ನಾಲ್ಕು ಹೆಜ್ಜೆ ನಡೆಯುವುದೇ ಪದ್ಧತಿ ಎಂಬುದನ್ನು ನಾನು ಆ ಶಬ್ದದಿಂದಲೇ, ತುಸು ತಡವಾಗಿ, ಕಲಿತೆನು.