ಭೂಮಿಯ ತಾಪವೂ ನಮ್ಮ ತೋಟದ ಮಳೆಯೂ

2018ರ ಮೇ 29ರಂದು ಮಂಗಳೂರು ಪೇಟೆಯ ರಸ್ತೆಗಳಲ್ಲಿ ಹೊಳೆಯಂತೆ ನೀರು ಹರಿಯಿತು. ಮರುವರ್ಷ ಅದೇ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತೀರ ಇಳಿದು, ಅದೇ ಪೇಟೆಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನ ಸ್ಥಿತಿ ಇದು. ಅಡಿಕೆ, ಕಾಫಿ ಬೆಳೆಯುವ ನಮಗೆ ಇದರಲ್ಲಿ ಒಂದು ಪಾಠವಿದೆ. ಮಳೆ ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಬಂತು, ಹೇಗೆ ಬಂತು ಎಂಬುದೇ ಮುಖ್ಯ. ಭೂಮಿಯ ತಾಪ ಏರುತ್ತಿದೆ ಎಂಬ ದೊಡ್ಡ ಚರ್ಚೆಯನ್ನು ಈ ದೃಷ್ಟಿಯಿಂದಲೇ ಇಲ್ಲಿ ವಿಚಾರ ಮಾಡೋಣ.

ಕಾರಣವೇನು?

ಬಿಸಿಲಿಗೆ ಕಾದ ನೆಲವು ಶಾಖವನ್ನು ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಅನಿಲಗಳು ಅದರಲ್ಲಿ ಒಂದಂಶವನ್ನು ತಡೆದು ನೆಲದ ಕಡೆಗೆ ಹಿಂದಿರುಗಿಸುತ್ತವೆ. ಮೋಡ ಕವಿದ ರಾತ್ರಿ ಸೆಕೆ, ಶುಭ್ರ ಆಕಾಶದ ರಾತ್ರಿ ಚಳಿ ಎಂಬುದು ನಮಗೆಲ್ಲ ಗೊತ್ತಿರುವ ಅನುಭವ. ಇದೂ ಅದೇ ಬಗೆಯದು. ಈ ಹೊದಿಕೆ ಇಲ್ಲದಿದ್ದರೆ ಭೂಮಿ ಹಿಮಗಟ್ಟಿ ಹೋಗುತ್ತಿತ್ತು. ತೊಂದರೆ ಹೊದಿಕೆಯಿಂದಲ್ಲ, ಅದು ದಪ್ಪವಾಗುತ್ತಿರುವುದರಿಂದ.

ಕಲ್ಲಿದ್ದಲು ಉರಿಸಿದರೆ ಭೂಮಿಯ ತಾಪ ಏರೀತೆಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1896ರಷ್ಟು ಹಿಂದೆಯೇ ಲೆಕ್ಕ ಹಾಕಿದ್ದರು. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಕೀಲಿಂಗ್ ಎಂಬವರು ಅಳೆಯಲು ತೊಡಗಿದಾಗ ಅದು ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಉರಿಸುವುದು ಮುಖ್ಯ ಕಾರಣ. ಕಾಡು ಕಡಿಯುವುದು ಇನ್ನೊಂದು.

ನಮ್ಮ ದೇಶದ ಲೆಕ್ಕವನ್ನು ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದೆ. 1901ರಿಂದ 2018ರ ವರೆಗೆ ಭಾರತದ ಸರಾಸರಿ ತಾಪ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಹಿಂದೂ ಮಹಾಸಾಗರದ ಉಷ್ಣವಲಯದ ನೀರು 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ನಮ್ಮ ಮಳೆ ಹುಟ್ಟುವುದು ಈ ಕಡಲಿನಿಂದಲೇ.

ಮಳೆಯ ಮೇಲೆ ಪರಿಣಾಮ

ತಾಪ ಒಂದು ಡಿಗ್ರಿ ಏರಿದರೆ ಗಾಳಿಯು ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲುದು. ಆದುದರಿಂದ ಮಳೆ ಬಂದರೆ ಒಮ್ಮೆಗೇ ಸುರಿಯುವುದು, ನಡುವೆ ಒಣ ದಿನಗಳು ಹೆಚ್ಚುವುದು ಸಹಜ. ಅದೇ ವರದಿಯಂತೆ 1951ರಿಂದ 2015ರ ಅವಧಿಯಲ್ಲಿ ದೇಶದ ಮಳೆಗಾಲದ ಒಟ್ಟು ಮಳೆ ನೂರಕ್ಕೆ 6ರಷ್ಟು ಇಳಿದಿದೆ; ಇಳಿತ ಎದ್ದು ಕಾಣುವ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಹೀಗಿದ್ದೂ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿದ ಮಳೆಯ ಸಂದರ್ಭಗಳು ನೂರಕ್ಕೆ 75ರಷ್ಟು ಹೆಚ್ಚಿವೆ. ಒಟ್ಟು ಕಡಮೆ, ಹೊಡೆತ ಹೆಚ್ಚು.

ಅಡಿಕೆಗೆ ಇದರ ಅರ್ಥವೇನು? ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡುವುದು ನಮ್ಮ ಪದ್ಧತಿ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತರ ಪತ್ತನಾಜೆ ಕಳೆದರೆ, ಅಂದರೆ ಮೇ 24–25 ದಾಟಿದರೆ, ಮಳೆಗೆ ಸಿದ್ಧತೆ. ಅಲ್ಲಿಂದ ಜೂನ್ ಮೊದಲ ವಾರದ ವರೆಗಿನ ಬಿಡುವು ಮದ್ದು ಬಿಡುವವರ ಪಾಲಿಗೆ ಅಮೂಲ್ಯ. ಆದರೆ 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ರಂದು. 2025ರಲ್ಲಿ ಮೇ 24ರಂದು. ಎರಡು ವರ್ಷಗಳೊಳಗೆ ಹದಿನೈದು ದಿನಗಳ ಅಂತರ. ಬೇಗ ಬಂದ ವರ್ಷ ಮರ ಹತ್ತಲೂ ದೋಟಿ ಎತ್ತಲೂ ಬಿಡುವಿಲ್ಲ. ತಡವಾದ ವರ್ಷ ಕೆರೆ ಬಾವಿ ಬತ್ತಿ ಸಿಂಗಾರ ಒಣಗುವ ಭಯ.

ಕಾಫಿಗೂ ಇದೇ ಕಥೆ. ಫೆಬ್ರವರಿ–ಮಾರ್ಚಿನ ಹೂಮಳೆ, ಅದಾಗಿ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ, ಇವೆರಡೂ ಹೊತ್ತಿಗೆ ಬಂದರೆ ರೊಬಸ್ಟಾ ಕಾಯಿ ಕಟ್ಟುತ್ತದೆ. 2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕೊಯ್ಲಿನ ನಡುವೆಯೇ ಮಳೆ ಸುರಿಯಿತು. ಹೀಗಾದಾಗ ಹಣ್ಣು ಉದುರುತ್ತದೆ, ಕಣದಲ್ಲಿ ಹರವಿದ ಕಾಫಿ ನೆನೆಯುತ್ತದೆ, ಅಕಾಲದಲ್ಲಿ ಹೂ ಅರಳುತ್ತದೆ. ಬಿಸಿಲು ಹೆಚ್ಚಿ ನೆರಳು ಕಡಮೆಯಾದ ಕಡೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟವೂ ಹೆಚ್ಚು.

ವಾದ, ವಿವಾದ

ಮೊದಲನೆಯ ವಾದ: ಇದು ಮನುಷ್ಯಕೃತವಲ್ಲ, ಸೂರ್ಯನದೇ ಏರಿಳಿತ. ಇದಕ್ಕೆ ಉತ್ತರ ಸಿಕ್ಕಿದೆ. 1978ರಿಂದ ಉಪಗ್ರಹಗಳು ಸೂರ್ಯನ ಪ್ರಖರತೆಯನ್ನು ಅಳೆಯುತ್ತಿವೆ. ತಾಪದ ಏರಿಕೆಗೆ ಸಮನಾಗಿ ಅದು ಏರಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನದು ಕಾಯುತ್ತಿದೆ.

ಎರಡನೆಯದು: ನಮ್ಮ ಎಲ್ಲ ಕಷ್ಟಕ್ಕೂ ತಾಪವೇ ಕಾರಣವೇ? ಅಲ್ಲ. ಮುಂಗಾರು ಹಿಂದೆಯೂ ಬೇಗ, ತಡ ಎಂದು ಬಂದದ್ದುಂಟು. ಒಂದು ವರ್ಷದ ಮಳೆಯನ್ನು ತೋರಿಸಿ ಏನನ್ನೂ ಸಾಧಿಸಲಾಗದು. ಮಳೆಗಾಲದ ಮಳೆ ಇಳಿದುದಕ್ಕೆ ಹೊಗೆ ಧೂಳುಗಳ ಪಾಲೂ ಇದೆಯೆಂದು ಅದೇ ವರದಿ ಹೇಳುತ್ತದೆ. ನೀರು ನಿಂತು ಇಂಗುತ್ತಿದ್ದ ಬೈಲು ಗದ್ದೆಗಳನ್ನು ಮುಚ್ಚಿ ತೋಟ ಮಾಡಿದವರು ನಾವು, ಗುಡ್ಡದ ಮೇಲೆ ಕೊಳವೆಬಾವಿ ಕೊರೆದವರೂ ನಾವು. ಆ ಲೆಕ್ಕವನ್ನು ಹವೆಯ ಮೇಲೆ ಹೊರಿಸುವುದು ಸರಿಯಲ್ಲ.

ಮೂರನೆಯದು: ಹೊಣೆ ಯಾರದು? ಬಡವರ ಗದ್ದೆಯಿಂದ ಏಳುವ ಮೀಥೇನನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ 1991ರಲ್ಲೇ ವಾದಿಸಿದರು. ಇಂದಿಗೂ ಅಮೆರಿಕದ ಒಬ್ಬನ ಪಾಲು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್. ಭಾರತೀಯನದು ಸುಮಾರು 2 ಟನ್. ಆದರೂ ಹೊರೆ ನಮ್ಮ ಅಂಗಳಕ್ಕೆ ಬರುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ತಮ್ಮಲ್ಲಿಗೆ ಬರಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯ ದಿನ ಮುಂದೆ ಹೋಗಿದ್ದರೂ, ತೋಟದ ಜಾಗವನ್ನು ಗುರುತಿಸಿ ತೋರಿಸಬೇಕಾದ ಕೆಲಸ ಎರಡೆಕರೆಯ ಬೆಳೆಗಾರನಿಗೂ ತಪ್ಪಿದ್ದಲ್ಲ. ಇದನ್ನು ಒಬ್ಬೊಬ್ಬರೇ ಮಾಡುವುದು ಕಷ್ಟ. ಸಂಘದ ಮೂಲಕ ಮಾಡಿದರೆ ಸುಲಭ.

ನಾವು ಮಾಡಬಹುದಾದದ್ದು

1. ತಾರೀಕು ನೋಡಿ ಮದ್ದು ಬಿಡುವ ಕ್ರಮ ಬಿಟ್ಟು, ಹವೆ ನೋಡಿ ಬಿಡುವುದು. ಮೇ ಮೊದಲ ವಾರದೊಳಗೆ ಮೈಲುತುತ್ತು, ಸುಣ್ಣ ಮನೆಯಲ್ಲಿರಲಿ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು.

2. ಒಮ್ಮೆಗೇ ಸುರಿಯುವ ನೀರಿಗೆ ದಾರಿಯೂ ಬೇಕು, ತಂಗುದಾಣವೂ ಬೇಕು. ಮಳೆಗೆ ಮುಂಚೆ ತೋಟದ ಕಣಿಗಳ ಹೂಳು ತೆಗೆಯಬೇಕು. ಗುಡ್ಡದ ಮದಕಗಳನ್ನು ಉಳಿಸಬೇಕು. ಮಳೆಗಾಲ ಮುಗಿದೊಡನೆ ನೆರೆಕರೆಯವರು ಸೇರಿ ತೋಡಿಗೆ ಕಟ್ಟ ಕಟ್ಟುವ ಹಳೆಯ ಪದ್ಧತಿ ಮತ್ತೆ ಬರಲಿ.

3. ಸೋಗೆ, ತರಗೆಲೆ ಸುಡದೆ ಬುಡಕ್ಕೆ ಹಾಕುವುದು. ಕಾಫಿಯ ನೆರಳಿನ ಮರಗಳನ್ನು ಬೆಲೆ ಬಂತೆಂದು ಬೋಳಿಸದಿರುವುದು. ಯೂರಿಯಾ ಅಳತೆ ಮೀರದಿರುವುದು. ಅದರಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾಗಿ ಶಾಖವನ್ನು ಹಿಡಿಯುತ್ತದೆ.

4. ಪ್ರತಿ ತೋಟದಲ್ಲಿ ಒಂದು ಮಳೆಮಾಪಕ, ಒಂದು ಪುಸ್ತಕ. ಬೆಳಗ್ಗೆ ಎಂಟೂವರೆಗೆ ಅಳೆದು ಬರೆಯುವುದು ಐದು ನಿಮಿಷದ ಕೆಲಸ.

ಈ ಕೊನೆಯ ಮಾತನ್ನು ಹಗುರವಾಗಿ ಎಣಿಸಬಾರದು. ಅಡಿಕೆಗಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯಿಂದ, ಕೊಳೆತು ಉದುರಿದ ಕಾಯಿಯ ರಾಶಿಯಿಂದಲ್ಲ. ಪಂಚಾಯತಿನ ಮಾಪಕ ಇರುವ ಕಡೆ ಒಂದು ಮಳೆ, ಗುಡ್ಡದಾಚೆಯ ನಮ್ಮ ತೋಟದಲ್ಲಿ ಇನ್ನೊಂದು ಮಳೆ. ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಒಂದೇ ಗ್ರಾಮದ ಹತ್ತು ಮಂದಿ ಸದಸ್ಯರು ಹತ್ತು ವರ್ಷ ಬರೆದಿಟ್ಟ ಲೆಕ್ಕವನ್ನು ಮುಂದಿಟ್ಟರೆ ಕೇಳಬೇಕಾಗುತ್ತದೆ. ಬರುವ ಪತ್ತನಾಜೆಗೆ ಮೊದಲು ಈ ಕೆಲಸವನ್ನು ಆರಂಭಿಸೋಣ.