ಕುಂಬಳದ ಹೀಚು ಉದುರುತ್ತಿದೆಯಾ? ಒಮ್ಮೆ ಹಿತ್ತಲ ಬೇಲಿ ನೋಡಿ

ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ಸೊಂಪಾಗಿ ಹಬ್ಬಿದೆ. ದಿನಾ ಹೂವು ಅರಳ್ತಿವೆ. ಆದ್ರೆ ಹೀಚು ಗೋಲಿ ಗಾತ್ರಕ್ಕೆ ಬರುವಷ್ಟರಲ್ಲಿ ಹಳದಿ ತಿರುಗಿ ಉದುರಿಹೋಗುತ್ತೆ. ಇಂಥ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ‘ಬೋರಾನ್ ಹೊಡೀರಿ’ ಅನ್ನೋ ಉತ್ತರ ಬರೋದು ಮಾಮೂಲಿ. ಬೋರಾನ್ ಕೊರತೆ ಇರಬಹುದು, ಇಲ್ಲ ಅನ್ನಲ್ಲ. ಹಣ್ಣುನೊಣದ ಕಾಟವೂ ಇರಬಹುದು. ಆದರೆ ಅಂಗಡಿಗೆ ಹೋಗೋ ಮೊದಲು ಒಂದು ಪುಕ್ಕಟೆ ಪರೀಕ್ಷೆ ಮಾಡಿ ನೋಡಿ.

ಕುಂಬಳದ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತೆ. ಹಾಗಾಗಿ ಬೆಳಿಗ್ಗೆ 6ರಿಂದ 8ರ ಒಳಗೆ ಹಿತ್ತಲಿಗೆ ಹೋಗಿ. ತೊಟ್ಟು ಉದ್ದ ಇದ್ದು, ಬುಡದಲ್ಲಿ ಹೀಚು ಇಲ್ಲದ್ದು ಗಂಡು ಹೂವು. ಅದನ್ನು ಕಿತ್ತು, ದಳ ತೆಗೆದು, ನಡುವಿನ ಪರಾಗದ ಭಾಗವನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಉಜ್ಜಿ. ಐದು ಹೆಣ್ಣು ಹೂವಿಗೆ ಹೀಗೆ ಮಾಡಿ ದಾರ ಕಟ್ಟಿ, ಇನ್ನೈದನ್ನು ಹಾಗೇ ಬಿಡಿ. ಹತ್ತು ದಿನ ಬಿಟ್ಟು ನೋಡಿ. ದಾರ ಕಟ್ಟಿದ್ದು ಕಾಯಾಗಿ ನಿಂತು, ಬಿಟ್ಟಿದ್ದು ಉದುರಿದ್ರೆ ಕೊರತೆ ಗೊಬ್ಬರದ್ದಲ್ಲ. ನಿಮ್ಮ ಹಿತ್ತಲಿಗೆ ಜೇನು ಬರ್ತಿಲ್ಲ.

ಜೇನು ಯಾಕೆ ಬರ್ತಿಲ್ಲ?

ಹಿತ್ತಲಿಗೆ ವನ್ಯಜೀವಿ ಕರೆಯೋಣ ಅಂದ್ರೆ ರೈತರಿಗೆ ನಗು ಬರುತ್ತೆ. ಹಂದಿ, ಮಂಗ, ನವಿಲು ಸಾಲದಾ ಅಂತ ಕೇಳ್ತಾರೆ. ನಾನು ಹೇಳ್ತಿರೋದು ಸಣ್ಣವರ ಬಗ್ಗೆ: ತುಡುವೆ ಜೇನು, ಕೋಲು ಜೇನು, ಮುಜಂಟಿ, ಕಪ್ಪು ದುಂಬಿ, ಗುಲಗಂಜಿ ಹುಳು, ಚಿಟ್ಟೆ, ಓತಿಕ್ಯಾತ, ಪಿಕಳಾರ, ಕಾಜಾಣ. ಇವರಿಗೆ ಮನೆ ಇದ್ದದ್ದು ನಮ್ಮ ಹಳೇ ಬೇಲಿಯಲ್ಲಿ. ಬಯಲುಸೀಮೆಯ ಹಿತ್ತಲ ಬೇಲಿ ಅಂದ್ರೆ ಲಕ್ಕಿ, ತಂಗಡಿ, ಕವಳೆ, ಎಲಚಿ, ಮೂಲೆಗೊಂದು ಹೊಂಗೆ, ಬುಡದಲ್ಲಿ ತುಂಬೆ. ಈಗ ಅದೇ ಜಾಗದಲ್ಲಿ ಕಲ್ಲುಕಂಬ, ತಂತಿ. ತಂತಿ ಕೆಳಗೆ ವರ್ಷಕ್ಕೆರಡು ಸಲ ಕಳೆನಾಶಕ. ಮನೆ ಮುಂದೆ ಚೆಂದಕ್ಕೆ ಕ್ರೋಟನ್, ಡುರಾಂಟ.

ಕುಂಬಳ ಹೂವು ಕೊಡೋದು ಒಂದೆರಡು ತಿಂಗಳು. ಜೇನಿಗೆ ಹೊಟ್ಟೆ ಇರೋದು 12 ತಿಂಗಳೂ. ಬೇಸಿಗೆಯಲ್ಲಿ ಉಪವಾಸ ಬಿದ್ದ ಜೇನು ಗೂಡು ಬಿಟ್ಟು ಹೋಗುತ್ತೆ. ನೀವು ಮಳೆಗಾಲದಲ್ಲಿ ಬೀಜ ಹಾಕಿ ‘ಬಾ’ ಅಂದ್ರೆ ಎಲ್ಲಿಂದ ಬರಬೇಕು? ಮುಜಂಟಿಯಂಥ ಪುಟ್ಟ ಜೇನು ಗೂಡಿನಿಂದ ಬಹಳ ದೂರ ಹಾರೋದೂ ಇಲ್ಲ.

ಅದಕ್ಕೇ ಗಿಡ ಆರಿಸುವಾಗ ಹೂವಿನ ಬಣ್ಣ ನೋಡಬೇಡಿ, ತಿಂಗಳು ನೋಡಿ. ಶಿವರಾತ್ರಿ ಹೊತ್ತಿಗೆ ಮುತ್ತುಗ ಅರಳುತ್ತೆ, ಮಕರಂದ ಹೀರೋಕೆ ಹಕ್ಕಿಗಳೇ ಸಾಲುಗಟ್ಟುತ್ತವೆ. ಯುಗಾದಿ ಆಸುಪಾಸು ಬೇವು, ಹೊಂಗೆ. ನೆಲವೆಲ್ಲ ಒಣಗಿದ ಆ ದಿನಗಳಲ್ಲಿ ಹೂಬಿಟ್ಟ ಹೊಂಗೆ ಕೆಳಗೆ ನಿಂತ್ರೆ ಜೇನಿನ ಗುಂಯ್‌ಗುಡುವಿಕೆ ಕೇಳುತ್ತೆ. ಒಂದೇ ಮರಕ್ಕೆ ಜಾಗ ಇದ್ರೆ ಹೊಂಗೆಯನ್ನೇ ಹಾಕಿ ಅಂತ ನನ್ನ ಸಲಹೆ, ಹಸಿರೆಲೆ ಗೊಬ್ಬರವೂ ಸಿಗುತ್ತೆ. ಮಳೆ ಶುರುವಾದ ಮೇಲೆ ಲಕ್ಕಿ. ಮಳೆ ಹಿಂದೆ ಸರಿಯುವಾಗ ತುಂಬೆ, ತಂಗಡಿ. ಎಲಚಿ ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು, ಆದ್ರೆ ಅದಕ್ಕೆ ಮುತ್ತೋ ಹುಳಗಳಿಗೆ ಲೆಕ್ಕ ಇಲ್ಲ. ಸಂಕ್ರಾಂತಿಗೆ ಹಣ್ಣೂ ಬಂತು.

ನರ್ಸರಿಯಿಂದ ತರೋ ಡಬಲ್ ದಾಸವಾಳ, ಮುದ್ದೆ ಚೆಂಡುಹೂವಿನಂಥ ತಳಿಗಳಲ್ಲಿ ದಳಗಳೇ ತುಂಬಿಕೊಂಡು ಪರಾಗ, ಮಕರಂದ ಕೈಗೆಟುಕೋದು ಕಷ್ಟ. ಪೂಜೆಗೆ ಬೇಕಾದ್ರೆ ಇರಲಿ. ಹುಳಗಳಿಗೆ ಅಂತ ನೆಡೋದಾದ್ರೆ ಒಂದೆಸಳಿನ ಹೂವೇ ಸರಿ.

ಮಕರಂದ ಊಟ, ಎಲೆ ತೊಟ್ಟಿಲು

ಲಂಟಾನಕ್ಕೂ ಚಿಟ್ಟೆ ಬರ್ತವಲ್ಲ, ಅದನ್ನೇ ಬಿಟ್ರೆ ಸಾಲದಾ ಅಂತ ಕೆಲವರು ಕೇಳ್ತಾರೆ. ಬರೋದು ನಿಜ. ಆದ್ರೆ ಚಿಟ್ಟೆ ಅಲ್ಲಿ ಕುಡಿದು ಹೋಗುತ್ತೆ ಅಷ್ಟೇ, ನಮ್ಮ ಚಿಟ್ಟೆಗಳ ಮರಿಹುಳ ಅಮೆರಿಕ ಖಂಡದಿಂದ ಬಂದ ಆ ಗಿಡದ ಎಲೆ ತಿಂದು ಬೆಳೆಯಲ್ಲ. ದನಕ್ಕಂತೂ ಅದು ವಿಷ. ಪ್ರತಿ ಚಿಟ್ಟೆಗೂ ಮೊಟ್ಟೆ ಇಡೋಕೆ ತನ್ನದೇ ಗಿಡ ಬೇಕು. ಎಕ್ಕಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ತಂಗಡಿಗೆ ಬಿಳಿ-ಹಳದಿ ಎಮಿಗ್ರಂಟ್ ಚಿಟ್ಟೆ ಬರುತ್ತೆ. ಮಲೆನಾಡಿನವರು ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದ್ರೆ, ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬಂದು ಮೊಟ್ಟೆ ಇಡಬಹುದು. ಈಶ್ವರಿ ಬಳ್ಳಿಯನ್ನು ಮನೆಮದ್ದು ಅಂತ ಕುಡಿಯೋಕೆ ಹೋಗಬೇಡಿ. ಅದರಲ್ಲಿರೋ ಅಂಶ ಕಿಡ್ನಿ ಹಾಳು ಮಾಡುತ್ತೆ.

ಎಕ್ಕದ ವಿಷಯ ಬಂತು, ಹೇಳಿಬಿಡ್ತೀನಿ. ಅದರ ಕುಡಿ ತುಂಬ ಹಳದಿ ಹೇನು ಕಂಡ ತಕ್ಷಣ ಗಿಡ ಕಡಿದು ಹಾಕೋರು ಇದ್ದಾರೆ. ಆ ಹೇನು ಮುಖ್ಯವಾಗಿ ಎಕ್ಕ, ಕಣಗಿಲೆಯಂಥ ಹಾಲು ಬರೋ ಗಿಡಗಳದ್ದು, ನಿಮ್ಮ ಬದನೆ-ಮೆಣಸಿನ ಗಿಡಕ್ಕೆ ಹತ್ತೋ ಜಾತಿ ಅಲ್ಲ. ಅದು ಗುಲಗಂಜಿ ಹುಳುವಿನ ಬುತ್ತಿ. ಹಿತ್ತಲಲ್ಲಿ ಬೆಳೆ ಇಲ್ಲದಾಗಲೂ ಗುಲಗಂಜಿ ಹುಳು ಅಲ್ಲಿ ಉಂಡು ಬದುಕಿದ್ರೆ, ಅಲಸಂದೆಗೆ ಕರಿಹೇನು ಬಿದ್ದ ದಿನ ನಿಮ್ಮ ಕೆಲಸಕ್ಕೆ ಬರುತ್ತೆ. ಅದರ ಮರಿ ಮಾತ್ರ ತಾಯಿಯ ಹಾಗಿರಲ್ಲ. ಕಪ್ಪಗೆ, ಉದ್ದಕ್ಕೆ, ಪುಟಾಣಿ ಮೊಸಳೆ ಹಾಗಿರುತ್ತೆ. ಕೀಟ ಅಂತ ಹೊಸಕಿ ಹಾಕೋ ಮೊದಲು ಫೋಟೊ ತೆಗೆದು ಗೂಗಲ್ ಲೆನ್ಸ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ನೋಡಿ.

ಬದನೆ, ಟೊಮೆಟೊ ಹಾಕಿರೋರಿಗೆ ಇನ್ನೊಂದು ಮಾತು. ಈ ಹೂವುಗಳಲ್ಲಿ ಪರಾಗ ಇರೋದು ಉಪ್ಪಿನ ಡಬ್ಬಿಯ ಹಾಗೆ ತೂತಿರೋ ಕೊಳವೆಯೊಳಗೆ. ಅಲುಗಾಡಿಸಿದ್ರೆ ಮಾತ್ರ ಉದುರುತ್ತೆ. ಗಾಳಿಯಿಂದಲೂ ಸ್ವಲ್ಪ ಕೆಲಸ ಆಗುತ್ತೆ. ಆದ್ರೆ ಹೂವನ್ನು ತಬ್ಬಿ, ಮೈ ನಡುಗಿಸಿ ‘ಝೂಂ’ ಅಂತ ಪರಾಗ ಉದುರಿಸೋದು ದೊಡ್ಡ ಕಪ್ಪು ದುಂಬಿ, ಮತ್ತೆ ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನು. ಪೆಟ್ಟಿಗೆಯ ತುಡುವೆ ಜೇನಿಗೆ ಈ ವಿದ್ಯೆ ಬರಲ್ಲ. ತಂಗಡಿ ಹೂವೂ ಇದೇ ಜಾತಿಯ ಬೀಗ, ಹಾಗಾಗಿ ತಂಗಡಿ ಇದ್ದಲ್ಲಿ ಕಪ್ಪು ದುಂಬಿ ಇರುತ್ತೆ. ಅದು ಗೂಡು ಮಾಡೋದು ಒಣಮರ, ಒಣಬಿದಿರು ಕೊರೆದು. ಮೂಲೆಯಲ್ಲಿ ಒಂದು ಒಣಕೊಂಬೆ, ನಾಲ್ಕು ಬಿದಿರು ತುಂಡು ಬಿಟ್ಟಿರಿ, ಇಲ್ಲಾಂದ್ರೆ ಮನೆ ತೊಲೆಗೇ ಬರುತ್ತೆ. ನೀಲಿಪಟ್ಟೆ ಜೇನಿಗೆ ಮಣ್ಣಿನ ಗೋಡೆ, ಬರಿ ನೆಲ ಸಾಕು. ಹಿತ್ತಲನ್ನೆಲ್ಲ ಸಿಮೆಂಟ್ ಮಾಡಬೇಡಿ.

ಎಲ್ಲಿ ಯಾವುದು ಬೇಡ

ನಾಟಿ ಗಿಡ ಅಂದ ಮಾತ್ರಕ್ಕೆ ಎಲ್ಲಾ ಕಡೆ ಒಳ್ಳೇದು ಅಂತಲ್ಲ. ಕರಿಬೇವಿನ ಹಣ್ಣು ಪಿಕಳಾರಕ್ಕೆ, ಕೋಗಿಲೆಗೆ ಇಷ್ಟ, ಎಲೆ ಚಿಟ್ಟೆ ಮರಿಗೆ ಇಷ್ಟ. ಆದ್ರೆ ನಿಂಬೆ, ಮೋಸಂಬಿ ತೋಟ ಇದ್ರೆ ಕರಿಬೇವನ್ನು ದೂರ ಇಡಿ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡೋ ಪುಟ್ಟ ರಸಹೀರುವ ಕೀಟ ಕರಿಬೇವಿನ ಚಿಗುರಲ್ಲೂ ಮರಿ ಮಾಡುತ್ತೆ. ಬದನೆ ಸಾಲಿನ ಪಕ್ಕ ಗಣಿಕೆ ಸೊಪ್ಪನ್ನು ಬಿಡಬೇಡಿ, ಎಲೆಯನ್ನು ಜಾಲರಿ ಮಾಡೋ ದುಂಬಿಗೆ ಎರಡೂ ಒಂದೇ. ಗ್ಲಿರಿಸಿಡಿಯಾ ಹೊರಗಿಂದ ಬಂದದ್ದು ನಿಜ. ಈಗಾಗಲೇ ಗೊಬ್ಬರಕ್ಕೆ ಅಂತ ಬೆಳೆಸಿದ್ರೆ ಕಿತ್ತು ಹಾಕೋ ಅಗತ್ಯ ಇಲ್ಲ, ಸಾಲಿನ ಮಧ್ಯೆ ಜಾಗ ಮಾಡಿ ಬೇರೆ ಗಿಡ ಸೇರಿಸಿ.

ಖರ್ಚು ಬಹಳ ಕಮ್ಮಿ. ಮುಂಗಾರು ಹದ ಬಿದ್ದ ಮೇಲೆ ಹೆಬ್ಬೆರಳು ದಪ್ಪ, ಒಂದೂವರೆ ಅಡಿ ಉದ್ದದ ಲಕ್ಕಿ ಕಡ್ಡಿ ಕಡಿದು, ಎರಡು ಮೂರು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಎರಡಡಿಗೆ ಒಂದರಂತೆ ನೆಡಿ. ಕುರಿ-ಮೇಕೆ ಅದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು ಬಿತ್ತಿ. ಹೊಂಗೆ, ಬೇವಿನ ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಿಗುತ್ತೆ. ಹೆಚ್ಚು ಸಸಿ ಬೇಕಾದ್ರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಗ್ಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ತುಂಬೆಯನ್ನಂತೂ ನೆಡೋದೇ ಬೇಡ, ಕಳೆ ಕೀಳುವಾಗ ಬೇಲಿ ಬುಡದ ಮೂರಡಿ ಬಿಟ್ಟುಬಿಡಿ, ತಾನೇ ಬರುತ್ತೆ. ಅಲ್ಲಿ ಕಾಂಗ್ರೆಸ್ ಗಿಡ ಎದ್ದರೆ ಅದನ್ನು ಮಾತ್ರ ಹೂ ಬಿಡೋ ಮೊದಲೇ ಕೀಳಿ. ಬೇಸಿಗೆಯಲ್ಲಿ ಒಂದು ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರಿಡಿ, ಜೇನು ಕೂತು ಕುಡೀಲಿ.

ಇಷ್ಟೆಲ್ಲ ಮಾಡಿ ಬೆಳಿಗ್ಗೆ 8 ಗಂಟೆಗೆ ಹೂವಿರೋ ಗಿಡಕ್ಕೆ ಇಮಿಡಾಕ್ಲೋಪ್ರಿಡ್ ಹೊಡೆದ್ರೆ ಬಂದ ಜೇನೆಲ್ಲ ಅಲ್ಲೇ ಸಾಯುತ್ತೆ. ಹೂವಿನ ಸಮಯದಲ್ಲಿ ಅದನ್ನು ಮುಟ್ಟಲೇಬೇಡಿ. ಹೇನು ಮಿತಿ ಮೀರಿದ್ರೆ ಮೊದಲು ಬೇವಿನ ಕಷಾಯ, ಅದೂ ಸಂಜೆ ಜೇನು ಗೂಡಿಗೆ ಮರಳಿದ ಮೇಲೆ.