ನಿದ್ರಿಸದ ಕಾರು, ನಿದ್ರಿಸದ ಯಜಮಾನ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನಗೆ 46 ವರ್ಷ. ಬಾಗಲಗುಂಟೆಯ ಎಂ.ಇ.ಐ. ಬಡಾವಣೆಯಲ್ಲಿ ಮನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಈ ವರ್ಷ ಎಲೆಕ್ಟ್ರಿಕ್ ಕಾರು ಕೊಂಡೆವು. ರಾತ್ರಿ ಹತ್ತಕ್ಕೆ ನಿಲ್ಲಿಸುವಾಗ 80 ಪರ್ಸೆಂಟ್ ಇದ್ದ ಚಾರ್ಜು ಬೆಳಿಗ್ಗೆ ಆರಕ್ಕೆ 75ಕ್ಕೆ ಇಳಿದಿರುತ್ತದೆ. ಒಂದು ದಿನ ಬಾಗಿಲೇ ತೆರೆಯಲಿಲ್ಲ. "ಗಾಡಿ ಸ್ಲೀಪ್ ಮೋಡಿಗೆ ಹೋಗ್ತಿಲ್ಲ ಸಾರ್" ಎಂದರು ಮೆಕ್ಯಾನಿಕ್, ಏಕೆಂದು ಹೇಳಲಿಲ್ಲ. ಅಂದಿನಿಂದ ನನಗೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಫೋನಿನಲ್ಲಿ ಆಪ್ ತೆರೆದು ಚಾರ್ಜು ನೋಡಿದರೆ ಆಮೇಲೆ ನಾಲ್ಕರವರೆಗೆ ನಿದ್ದೆಯಿಲ್ಲ. ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ?
— ಓರ್ವ ಓದುಗ, ಬಾಗಲಗುಂಟೆ

ಉತ್ತರ: ತಮ್ಮ ಪತ್ರದಲ್ಲಿ ರೋಗಿಗಳು ಇಬ್ಬರಿದ್ದರೂ ಔಷಧವನ್ನು ಬೇಡಿರುವುದು ಒಬ್ಬರಿಗೆ ಮಾತ್ರ. ಆದರೆ ಒಬ್ಬರ ವ್ಯಾಧಿಯು ಇನ್ನೊಬ್ಬರ ವ್ಯಾಧಿಗೆ ನಿಮಿತ್ತವಾಗಿರುವಂತೆ ತೋರುವಾಗ ಇಬ್ಬರನ್ನೂ ಪರೀಕ್ಷಿಸುವುದೇ ವೈದ್ಯಧರ್ಮವಾದುದರಿಂದ, ಯಂತ್ರಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲವೆಂಬುದನ್ನು ಮರೆಯದೆ, ರಕ್ತದೊತ್ತಡದ ಚಿಕಿತ್ಸೆಗಾಗಿ ನನ್ನಲ್ಲಿಗೆ ಬರುವ ಅನುಭವಸ್ಥ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಂದ ಕೇಳಿ ತಿಳಿದುಕೊಂಡು, ಮೊದಲು ವಾಹನದ ವಿಚಾರವನ್ನೇ ಎತ್ತಿಕೊಳ್ಳುತ್ತೇನೆ.

ಇಂತಹ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ: ಗಾಲಿಗಳನ್ನು ತಿರುಗಿಸತಕ್ಕ ದೊಡ್ಡದೊಂದು; ಬಾಗಿಲ ಬೀಗ, ದೀಪಗಳು ಮತ್ತು ಒಳಗಿನ ಅನೇಕ ಕಂಪ್ಯೂಟರ್ ಘಟಕಗಳನ್ನು ನಡೆಸತಕ್ಕ 12 ವೋಲ್ಟಿನ ಸಣ್ಣದೊಂದು. ಬೀಗ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಈ ಘಟಕಗಳೆಲ್ಲ ಪರಸ್ಪರ ಸಂಭಾಷಣೆಯನ್ನು ನಿಲ್ಲಿಸಿ ಒಂದೊಂದಾಗಿ ಸುಪ್ತಾವಸ್ಥೆಗೆ ಇಳಿಯಬೇಕು. ಆಗ ಸಣ್ಣ ಬ್ಯಾಟರಿಯಿಂದ ಹರಿಯುವುದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ಅದು ಒಂದು ವಾಟ್ ಕೂಡ ಆಗದು. ತಮ್ಮ ಕಾರಿನ ಲೆಕ್ಕವೋ ಬೇರೆಯೇ ಇದೆ. ದೊಡ್ಡ ಬ್ಯಾಟರಿಯು 40 ಯೂನಿಟ್ ಹಿಡಿಯುವುದೆಂದು ಭಾವಿಸಿದರೆ ಅದರ ಶೇಕಡ 5 ಎಂದರೆ 2 ಯೂನಿಟ್. ಎಂಟು ಗಂಟೆಗಳಿಗೆ ಹಂಚಿದರೆ 250 ವಾಟ್, ಅಂದರೆ ಹಳೆಯ ಕಾಲದ ಮೂರು ಸೀಲಿಂಗ್ ಫ್ಯಾನುಗಳು ರಾತ್ರಿಯಿಡೀ ತಿರುಗಿದಷ್ಟು ಖರ್ಚು. ನಿದ್ರಿಸುವ ವಾಹನದ ಲಕ್ಷಣ ಇದಲ್ಲ. ಬಾಗಿಲು ತೆರೆಯದೆ ಹೋದುದು ಸಣ್ಣ ಬ್ಯಾಟರಿಯು ಬತ್ತಿದುದರ ಚಿಹ್ನೆ: 35 ಆಂಪಿಯರ್-ಗಂಟೆಯ ಬ್ಯಾಟರಿಯು ಸುಪ್ತಾವಸ್ಥೆಯ ಕಾರನ್ನು ಸುಮಾರು 29 ದಿನ ಪೋಷಿಸಬಲ್ಲುದಾದರೂ, ಎಚ್ಚೆತ್ತ ಘಟಕಗಳು 2 ಆಂಪಿಯರ್ ಎಳೆಯತೊಡಗಿ ದೊಡ್ಡ ಬ್ಯಾಟರಿಯಿಂದ ಮರುಪೂರಣವೂ ದೊರೆಯದೆ ಹೋದರೆ 18 ಗಂಟೆಯೊಳಗೆ ಬರಿದಾಗುತ್ತದೆ.

ನಿದ್ರಾಭಂಗಕ್ಕೆ ಕಾರಣಗಳು ಹಲವು. ಕೆಳಗೆ ಕಾರು, ಮೇಲೆ ಮನೆ ಎಂಬ ನಮ್ಮ ಬಡಾವಣೆಗಳಲ್ಲಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಕೀಲಿಯು ಕಾರಿಗೆ ಕೆಲವೇ ಅಡಿಗಳ ದೂರದಲ್ಲಿರುವುದುಂಟು. ಯಜಮಾನನು ಸಮೀಪದಲ್ಲಿದ್ದಾನೆಂದು ಬಗೆದು ಕೆಲವು ಕಾರುಗಳು ಮಲಗುವುದಿಲ್ಲ. ನಿಲ್ಲಿಸಿದಾಗಲೂ ಕಾವಲು ಕಾಯುವ ಕ್ಯಾಮೆರಾ, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಡ್ಯಾಶ್‌ಕ್ಯಾಮ್, ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದ ಜಿ.ಪಿ.ಎಸ್., ಸರಿಯಾಗಿ ಕೂರದ ಡಿಕ್ಕಿ ಬಾಗಿಲು, ತೆಗೆಯದೆ ಬಿಟ್ಟ ಚಾರ್ಜಿಂಗ್ ಗನ್, ವಯಸ್ಸಾದ 12 ವೋಲ್ಟ್ ಬ್ಯಾಟರಿ, ಇವುಗಳಲ್ಲಿ ಯಾವುದೊಂದಾದರೂ ಸಾಕು. ಏಕೆಂದರೆ ಘಟಕಗಳೆಲ್ಲವೂ ಒಂದೇ ತಂತಿಜಾಲದಲ್ಲಿರುವುದರಿಂದ ಒಂದು ಎಚ್ಚೆತ್ತು ಮಾತಾಡಿದರೆ ಉಳಿದವೂ ಎಚ್ಚರಗೊಳ್ಳುತ್ತವೆ. ಇವೆಲ್ಲಕ್ಕಿಂತ ಮಿಗಿಲಾಗಿ, ತಾವು ಫೋನಿನಲ್ಲಿ ಆಪ್ ತೆರೆದು ವಿಚಾರಿಸಿದೊಡನೆ ಕಾರಿನೊಳಗಿನ ಸಿಮ್ ಘಟಕವು ತಮಗೆ ಹೊಸ ಅಂಕಿಯನ್ನು ಕೊಡುವುದಕ್ಕಾಗಿ ಇತರ ಘಟಕಗಳನ್ನು ಎಬ್ಬಿಸುತ್ತದೆ. ಅವು ಪುನಃ ಮಲಗುವುದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ನಮ್ಮ ಬೆಂಗಳೂರಿನ ರೇವಾ ಕಾರಿಗೆ 48 ವೋಲ್ಟಿನ ಸೀಸದ ಬ್ಯಾಟರಿಗಳಿದ್ದವೇ ಹೊರತು ಯಜಮಾನನ ಜೇಬಿನೊಡನೆ ನಡುರಾತ್ರಿಯಲ್ಲಿ ಸಂಭಾಷಿಸುವ ಈ ಬಾಧೆ ಇರಲಿಲ್ಲ.

ಪರೀಕ್ಷಾಕ್ರಮ ನಮ್ಮ ವೈದ್ಯಕೀಯದ್ದೇ: ರಾತ್ರಿಗೊಂದರಂತೆ ಒಂದೇ ಒಂದು ಬದಲಾವಣೆ. ಮೊದಲ ರಾತ್ರಿ ಆಪ್ ತೆರೆಯಬೇಡಿ. ಚಾರ್ಜನ್ನು ಬೆಳಿಗ್ಗೆ ಕಾರಿನಲ್ಲಿಯೇ ನೋಡಿರಿ. ಎರಡನೆಯ ರಾತ್ರಿ ಕೀಲಿಯನ್ನು ಒಳಕೋಣೆಯ ಬೀರುವಿನಲ್ಲಿಡಿ. ಮೂರನೆಯದರಂದು ಕಾವಲು ಕ್ಯಾಮೆರಾವನ್ನು ನಿಲ್ಲಿಸಿ, ಆಮೇಲೆ ಹೊರಗಿನಿಂದ ಹಾಕಿಸಿದ ಉಪಕರಣಗಳನ್ನು ಒಂದೊಂದಾಗಿ ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಇಷ್ಟರಿಂದಲೂ ಇಳಿತ ನಿಲ್ಲದಿದ್ದರೆ, ಬೀಗ ಹಾಕಿ ಒಂದು ಗಂಟೆಯಾದ ಮೇಲೆ 12 ವೋಲ್ಟ್ ಬ್ಯಾಟರಿಯ ತಂತಿಗೆ ಕ್ಲ್ಯಾಂಪ್ ಮೀಟರ್ ಹಿಡಿದು ಅಳೆಯುವಂತೆ ಸರ್ವಿಸ್‌ನವರನ್ನು ಕೇಳಿರಿ. ದೊಡ್ಡ ಬ್ಯಾಟರಿಯ ತಂತಿಗಳನ್ನು ತಾವು ಸರ್ವಥಾ ಮುಟ್ಟತಕ್ಕದ್ದಲ್ಲ.

ಇನ್ನು ತಮ್ಮ ವಿಚಾರ. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ದೇಹದ ಉಪಸ್ತಂಭಗಳೆಂದು ಚರಕಸಂಹಿತೆಯು ಎಣಿಸಿದೆ. ಆದರೆ ನಿದ್ರೆಯು ಅಖಂಡವಾದ ಸ್ತಂಭವಲ್ಲ. ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಅದು ಆಳಕ್ಕಿಳಿದು ಮೇಲೇಳುತ್ತದೆ. ಮೇಲೆದ್ದಾಗ ಕ್ಷಣಕಾಲ ಎಚ್ಚರವಾಗುವುದು, ವಿಶೇಷತಃ ರಾತ್ರಿಯ ಉತ್ತರಾರ್ಧದಲ್ಲಿ, ಆರೋಗ್ಯವಂತನಿಗೂ ಸಹಜ. ಆದಕಾರಣ ಎರಡು ಗಂಟೆಗೆ ಎಚ್ಚರವಾಗುವುದು ತಮ್ಮ ರೋಗವಲ್ಲ. ಎಚ್ಚರವಾದೊಡನೆ ವಿಚಾರಣೆಗೆ ತೊಡಗುವುದೇ ರೋಗ. ಫೋನಿನ ಬೆಳಕು ಒಂದೆಡೆ. ಲೆಕ್ಕಿಗರಾದ ತಮಗೆ ಇಳಿದ ಅಂಕಿಯು ಹುಟ್ಟಿಸುವ ಕಳವಳ ಇನ್ನೊಂದೆಡೆ. ದಿನವೂ ಹೀಗಾದರೆ, ಎರಡು ಗಂಟೆಯೆಂಬುದು ಕರ್ತವ್ಯದ ಹೊತ್ತೆಂದು ಮಿದುಳು ಕಲಿತುಬಿಡುತ್ತದೆ. ತಮ್ಮ ವಿಚಾರಣೆಯಿಂದ ಕಾರಿಗೆ ಎಚ್ಚರ, ಎಚ್ಚರದಿಂದ ಚಾರ್ಜಿನ ಇಳಿತ, ಇಳಿತದಿಂದ ತಮಗೆ ಚಿಂತೆ, ಚಿಂತೆಯಿಂದ ಮರುರಾತ್ರಿಯ ವಿಚಾರಣೆ: ಈ ವಿಷಚಕ್ರವನ್ನು ಕಡಿಯಬೇಕಾದ ಸ್ಥಾನ ಒಂದೇ, ಅದು ಫೋನು. ಕೈಗೆ ಕಟ್ಟಿದ ಯಂತ್ರದಿಂದ ನಿದ್ರೆಯನ್ನು ಅಳೆಯುವ ಗೀಳಿನಿಂದಲೇ ನಿದ್ರೆಗೆಟ್ಟ ರೋಗಿಗಳನ್ನು ಅಮೆರಿಕದ ವೈದ್ಯರು 2017ರಲ್ಲಿ ವರ್ಣಿಸಿದ್ದಾರೆ; ತಾವು ಅಳೆದದ್ದು ಕಾರಿನ ನಿದ್ರೆಯನ್ನು, ಅಷ್ಟೇ ವ್ಯತ್ಯಾಸ.

ಫೋನನ್ನು ಮಲಗುವ ಕೋಣೆಯ ಹೊರಗಿಡಿ. ಅಲಾರಂ ಗಡಿಯಾರವಿದ್ದರೆ ಅದರ ಮುಖವನ್ನು ಗೋಡೆಗೆ ತಿರುಗಿಸಿರಿ. ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಂತೆ ತೋರಿದರೆ ಎದ್ದು ಮಂದಬೆಳಕಿನಲ್ಲಿ ಕುಳಿತಿದ್ದು, ಕಣ್ಣೆಳೆದಾಗ ಮಾತ್ರ ಹಾಸಿಗೆಗೆ ಮರಳಿರಿ; ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ನಿರೂಪಿಸಿದ ಈ ವಿಧಾನವು ಇಂದಿಗೂ ಚಿಕಿತ್ಸೆಯ ಮುಖ್ಯಾಂಗ. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿರಲಿ, ಏಳುವ ಹೊತ್ತು ಬದಲಾಗಬಾರದು. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾದುದರಿಂದ ಮಧ್ಯಾಹ್ನ ಎರಡರ ಅನಂತರ ಕಾಫಿ ಬೇಡ. ಮದ್ಯವು ನಿದ್ರೆಯನ್ನು ಬೇಗ ಬರಿಸಿ ನಡುರಾತ್ರಿಯಲ್ಲಿ ಕೆಡಿಸುತ್ತದೆ.

ಮಾತ್ರೆ ಈಗ ಬೇಡ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡತಕ್ಕದ್ದು ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆಯೇ ಹೊರತು ಔಷಧವಲ್ಲವೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೆಡಿಕಲ್ ಸ್ಟೋರಿನಿಂದ ತಾವೇ ತಂದ ನಿದ್ರಾಮಾತ್ರೆಯು ಕೆಲವೇ ವಾರಗಳಲ್ಲಿ ಬಿಡಲಾಗದ ಚಟವಾದೀತು. ಆದರೆ ಗಟ್ಟಿ ಗೊರಕೆ ಮತ್ತು ನಡುವೆ ಉಸಿರು ಕಟ್ಟುವಿಕೆ, ಪದೇ ಪದೇ ಮೂತ್ರ, ಕಾಲುಗಳ ಚಡಪಡಿಕೆ, ಎದೆಯುರಿ, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿರಿ. ಶ್ವಾಸಸ್ತಂಭನ, ಸಕ್ಕರೆ ಕಾಯಿಲೆ, ಕಬ್ಬಿಣದ ಕೊರತೆ ಇವು ನಿದ್ರಾಹೀನತೆಯ ವೇಷದಲ್ಲಿ ಬರುವುದುಂಟು.

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಕೆಳಗೇ ಕಾರು ರಾತ್ರಿಯಿಡೀ ಚಾರ್ಜಾಗುತ್ತದೆ. ಮಾವನವರಿಗೆ ಪೇಸ್‌ಮೇಕರ್ ಇದೆ. ಅಪಾಯವುಂಟೇ?
— ಓರ್ವ ಗೃಹಿಣಿ, ಹೆಸರಘಟ್ಟ ರಸ್ತೆ

ಉತ್ತರ: ಮಹಡಿಯ ಮೇಲೆ ಮಲಗಿದವರಿಗೆ ಭಯವಿಲ್ಲ. ವಿದ್ಯುತ್ತಿನ ಕಾಂತಕ್ಷೇತ್ರವು ದೂರ ಹೆಚ್ಚಿದಂತೆ ಶೀಘ್ರವಾಗಿ ಕ್ಷೀಣಿಸುತ್ತದೆ. 2018ರಲ್ಲಿ ಜರ್ಮನಿಯ ಮ್ಯೂನಿಕ್‌ನ ವೈದ್ಯರು ಪೇಸ್‌ಮೇಕರ್ ಮುಂತಾದ ಉಪಕರಣಗಳಿದ್ದ 108 ಮಂದಿಯನ್ನು ನಾಲ್ಕು ಬಗೆಯ ಎಲೆಕ್ಟ್ರಿಕ್ ಕಾರುಗಳಲ್ಲಿ ಕುಳ್ಳಿರಿಸಿಯೂ, ಅವರಿಂದ ಚಾರ್ಜು ಮಾಡಿಸಿಯೂ ಪರೀಕ್ಷಿಸಿದಾಗ ಉಪಕರಣಗಳಿಗೆ ಅಡ್ಡಿಯಾದುದು ಕಂಡುಬರಲಿಲ್ಲ. ಆದರೂ ಮಾವನವರು ಚಾರ್ಜರಿಗೆ ಒರಗಿ ನಿಲ್ಲುವುದು ಬೇಡ. ಅವರ ಹೃದ್ರೋಗತಜ್ಞರಿಗೆ ಒಂದು ಮಾತು ತಿಳಿಸಿರಿ. ನಿಜವಾದ ಭಯವಿರುವುದು ಸಡಿಲವಾದ ಪ್ಲಗ್ಗು, ಎಳೆದು ತಂದ ಎಕ್ಸ್‌ಟೆನ್ಷನ್ ಬಾಕ್ಸು ಮತ್ತು ಅರ್ಥಿಂಗ್ ಇಲ್ಲದ ಹಳೆಯ ವೈರಿಂಗಿನಲ್ಲಿ. ಸರಿಯಾದ ಅರ್ಥಿಂಗೂ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ.ಯೂ ಇರುವ ಪ್ರತ್ಯೇಕ ಲೈನನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿರಿ.

ಪ್ರಶ್ನೆ: ನಾನು ಎಲೆಕ್ಟ್ರಿಕ್ ಕ್ಯಾಬ್ ಓಡಿಸುತ್ತೇನೆ, ರಾತ್ರಿ ಏರ್‌ಪೋರ್ಟ್ ಟ್ರಿಪ್ಪು. ಚಾರ್ಜಿಗೆ ಹಾಕಿ, ಎ.ಸಿ. ಹಾಕಿಕೊಂಡು ಸೀಟಿನಲ್ಲೇ ಮಲಗುತ್ತೇನೆ. ಎ.ಸಿ. ಹಾಕಿ ಕಾರಲ್ಲಿ ಮಲಗಿದರೆ ಸಾಯುತ್ತಾರಂತೆ, ಹೌದೇ ಸಾರ್? ಎದ್ದಮೇಲೆ ತಲೆ ಭಾರ.
— ಓರ್ವ ಚಾಲಕ, ದಾಸರಹಳ್ಳಿ

ಉತ್ತರ: ಆ ಸಾವುಗಳಿಗೆ ಕಾರಣ ಪೆಟ್ರೋಲ್, ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ನಿಮ್ಮ ಗಾಡಿಯಲ್ಲಿ ಏನೂ ಉರಿಯುವುದಿಲ್ಲವಾದುದರಿಂದ ಅದರಿಂದ ಆ ವಿಷ ಹುಟ್ಟದು; ಆದರೆ ಮುಚ್ಚಿದ ಬೇಸ್‌ಮೆಂಟಿನಲ್ಲಿ ಪಕ್ಕದ ಗಾಡಿಗಳ ಇಂಜಿನ್ ಓಡುತ್ತಿದ್ದರೆ ಅಲ್ಲಿ ಮಲಗಬೇಡಿ, ಬಯಲಲ್ಲಿ ಹೊರಗಾಳಿ ಒಳಬರುವಂತಿಟ್ಟು ಮಲಗಿರಿ. ತಲೆಭಾರವು ಗಾಢನಿದ್ರೆಯ ನಡುವೆ ಎದ್ದುದರ ಫಲ. ಇಪ್ಪತ್ತು ನಿಮಿಷದ ಕಿರುನಿದ್ದೆಯನ್ನಾಗಲಿ, ಒಂದೂವರೆ ಗಂಟೆಯ ಪೂರ್ಣ ಆವರ್ತವನ್ನಾಗಲಿ ಆರಿಸಿಕೊಳ್ಳಿರಿ. ಎದ್ದಮೇಲೆ ಮುಖ ತೊಳೆದು ಅಡ್ಡಾಡಿ, ಕಾಲು ಗಂಟೆಯಾದರೂ ಕಳೆಯದೆ ಸ್ಟಿಯರಿಂಗ್ ಹಿಡಿಯಬಾರದು. ಸತತ 17 ಗಂಟೆ ಎಚ್ಚರವಿದ್ದವನ ಕೈಚಳಕವು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿದುದನ್ನು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ದೇಶದ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ 0.03 ಮಾತ್ರ. ಸಾರಿಗೆ ಸಂಸ್ಥೆಗಳ ಕಾರ್ಮಿಕರಿಗಾಗಿ 1961ರಲ್ಲಿ ಮಾಡಿದ ಕಾಯಿದೆ ವಿಧಿಸಿದ್ದು ದಿನಕ್ಕೆ ಎಂಟು ಗಂಟೆಯ ದುಡಿಮೆ. ಸೀಟಿನ ಕಿರುನಿದ್ದೆಯು ಮನೆಯ ಹಾಸಿಗೆಯ ಏಳು ಗಂಟೆಗೆ ಪರ್ಯಾಯವಲ್ಲ; ಹಗಲಲ್ಲಿ ಕಿಟಕಿಗೆ ಕಪ್ಪುಬಟ್ಟೆ ಕಟ್ಟಿ, ಫೋನನ್ನು ಮನೆಯವರ ಕೈಗೆ ಕೊಟ್ಟು ಆ ನಿದ್ದೆಯನ್ನು ಮುಗಿಸಿಕೊಳ್ಳಿರಿ.

ಓದುಗರಲ್ಲಿ ವಿಜ್ಞಾಪನೆ: ನಿದ್ರೆಯ ತೊಂದರೆಯ ಬಗ್ಗೆ ಬರೆಯುವವರು ವಯಸ್ಸು, ಕೆಲಸದ ಪಾಳಿ, ಸೇವಿಸುವ ಔಷಧಗಳು ಇವುಗಳ ಜೊತೆಗೆ ಎರಡು ವಾರಗಳಲ್ಲಿ ಮಲಗಿದ ಮತ್ತು ಎದ್ದ ಹೊತ್ತನ್ನು ಅಂದಾಜಾಗಿ ಬೆಳಿಗ್ಗೆ ಎದ್ದಮೇಲೆ ಬರೆದಿಟ್ಟು ಕಳುಹಿಸಬೇಕು. ನಿದ್ರಾಭಂಗದೊಡನೆ ಮನಸ್ಸು ಕುಗ್ಗಿ ಬಾಳು ಬೇಸರವಾಗಿದ್ದರೆ ಉತ್ತರಕ್ಕಾಗಿ ಕಾಯದೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.